ಹಳೆಯ ಕಥೆಗೆ ಹೊಸ ಆರಂಭ: ಅಭಿಮಾನಿಗಳ ಅಸಮಾಧಾನದ ವಿಚಾರ

ಒಂದು ಕಥೆ ಬಹುಕಾಲ ಬಾಳಿದ ಮೇಲೆ ಅದು ಹೇಳಿದವನೊಬ್ಬನದೇ ಆಗಿ ಉಳಿಯುವುದಿಲ್ಲ; ಕೇಳಿದವರದೂ ಆಗುತ್ತದೆ. ಕಾನೂನು ಇದನ್ನು ಒಪ್ಪದಿದ್ದರೂ ರಸಿಕನ ಮನಸ್ಸು ಒಪ್ಪಿಬಿಟ್ಟಿರುತ್ತದೆ. ಅಂತಹ ಕಥೆಯನ್ನು ಅದರ ಒಡೆಯರು ಬದಿಗಿಟ್ಟು, ಅದೇ ಹೆಸರಿನಲ್ಲಿ, ಅದೇ ಪಾತ್ರಗಳನ್ನಿಟ್ಟುಕೊಂಡು ಮೊದಲಿನಿಂದ ಹೊಸದಾಗಿ ಹೇಳತೊಡಗಿದರೆ ಅಭಿಮಾನಿಗಳು ಕೆರಳುವುದು ಸಹಜ. ಆ ಕೆರಳಿಕೆಯನ್ನು ಹುಚ್ಚೆಂದು ತಳ್ಳಿಹಾಕುವುದು ಸುಲಭ. ಅದರಲ್ಲಿ ವಿಮರ್ಶೆಯ ಅಂಶವೆಷ್ಟು, ಬರಿಯ ಮಮಕಾರವೆಷ್ಟು ಎಂದು ಬಿಡಿಸಿ ನೋಡುವುದು ಅಷ್ಟು ಸುಲಭವಲ್ಲ. ಆ ಕೆಲಸವನ್ನು ನಾವಿಲ್ಲಿ ಒಂದು ಉದಾಹರಣೆಯ ಮೂಲಕ ಮಾಡಬಯಸುತ್ತೇವೆ. ಆ ಉದಾಹರಣೆ ಅಮೆರಿಕದ ‘ಸ್ಟಾರ್ ಟ್ರೆಕ್’ ಎಂಬ ವಿಜ್ಞಾನಕಥಾಮಾಲೆ.

ಜೀನ್ ರಾಡನ್‌ಬೆರಿಯವರು ನಿರ್ಮಿಸಿದ ಈ ದೂರದರ್ಶನ ಧಾರಾವಾಹಿ ಮೊದಲು ಪ್ರಸಾರವಾದದ್ದು 1966ರ ಸೆಪ್ಟೆಂಬರಿನಲ್ಲಿ. ‘ಎಂಟರ್‌ಪ್ರೈಸ್’ ಎಂಬ ಆಕಾಶನೌಕೆ, ಅದರ ನಾಯಕ ಕರ್ಕ್, ಅವನ ಬಲಗೈಯಂತಿರುವ ಸ್ಪಾಕ್, ವೈದ್ಯ ಮೆಕಾಯ್, ಇವರ ಸಂಚಾರವೇ ಕಥೆ. ಸ್ಪಾಕ್ ಅರ್ಧ ಮಾನವ, ಅರ್ಧ ವಲ್ಕನ್ ಗ್ರಹದವನು. ಭಾವವನ್ನು ತರ್ಕದಿಂದ ಕಟ್ಟಿಹಾಕಿದವನು. ಅಮೆರಿಕಕ್ಕೂ ರಷ್ಯಾಕ್ಕೂ ಮುಖ ನೋಡದಂತಹ ವೈರವಿದ್ದ ದಿನಗಳಲ್ಲಿ ಈ ನೌಕೆಯಲ್ಲಿ ಒಬ್ಬ ರಷ್ಯನ್ ತರುಣನಿದ್ದನು. ವರ್ಣಭೇದದ ಗಾಯ ಹಸಿಯಾಗಿದ್ದ ದೇಶದಲ್ಲಿ ಒಬ್ಬ ಕಪ್ಪು ಮಹಿಳೆ ಅಧಿಕಾರಿಯಾಗಿದ್ದಳು. ಗ್ರಹಾಂತರದ ಕಥೆಯೆಂಬ ನೆಪದಲ್ಲಿ ಮನುಷ್ಯನ ನ್ಯಾಯಾನ್ಯಾಯಗಳನ್ನು ಚರ್ಚಿಸುವುದೇ ಇದರ ಜೀವಾಳವಾಗಿದ್ದಿತು.

ಈ ಮಾಲೆ ಬದುಕಿ ಉಳಿದದ್ದರಲ್ಲಿ ನೋಡುಗರ ಪಾಲು ದೊಡ್ಡದು. ಎರಡನೆಯ ವರ್ಷದಲ್ಲೇ ಇದು ನಿಲ್ಲುವುದೆಂಬ ಸುದ್ದಿ ಹಬ್ಬಿದಾಗ ಅಭಿಮಾನಿಗಳು ಎನ್.ಬಿ.ಸಿ. ಸಂಸ್ಥೆಗೆ ರಾಶಿರಾಶಿಯಾಗಿ ಪತ್ರ ಬರೆದರು. 1968ರಲ್ಲಿ ಮೂರನೆಯ ಸರಣಿಗೆ ಒಪ್ಪಿಗೆ ದೊರೆಯಿತು. 79 ಕಂತುಗಳ ಬಳಿಕ 1969ರಲ್ಲಿ ಧಾರಾವಾಹಿ ನಿಂತರೂ ಅಭಿಮಾನ ನಿಲ್ಲಲಿಲ್ಲ. 1976ರಲ್ಲಿ ಅಮೆರಿಕದ ಮೊದಲನೆಯ ಆಕಾಶಷಟಲಿಗೆ ‘ಎಂಟರ್‌ಪ್ರೈಸ್’ ಎಂಬ ಹೆಸರು ಬಂದದ್ದೂ ಇವರ ಪತ್ರಗಳ ಫಲವೇ. 1979ರಿಂದ ಚಲನಚಿತ್ರಗಳು, 1987ರಿಂದ ಹೊಸ ಧಾರಾವಾಹಿಗಳು ಒಂದರ ಹಿಂದೊಂದು ಬಂದವು. 2002ರ ಚಿತ್ರ ಸೋತು, 2005ರಲ್ಲಿ ಕಡೆಯ ಧಾರಾವಾಹಿಯೂ ಮುಗಿದಾಗ ಮಾಲೆ ಬತ್ತಿದಂತೆ ತೋರಿತು.

ಆಗ ಬಂದದ್ದು 2009ರ ಪುನರಾರಂಭ. ನಿರ್ದೇಶಕ ಜೆ.ಜೆ. ಏಬ್ರಮ್ಸ್ ತಾವು ಈ ಮಾಲೆಯ ಅಭಿಮಾನಿಯಾಗಿರಲಿಲ್ಲವೆಂದು ಬಹಿರಂಗವಾಗಿಯೇ ಹೇಳಿಕೊಂಡವರು. ಕರ್ಕ್, ಸ್ಪಾಕ್ ಮೊದಲಾದವರನ್ನು ಹೊಸ ನಟರಿಂದ ಆಡಿಸಿ, ಅವರ ತಾರುಣ್ಯದಿಂದ ಕಥೆಯನ್ನು ಎತ್ತಿಕೊಂಡರು. ಭವಿಷ್ಯದಿಂದ ಹಿಂದಕ್ಕೆ ಬಂದ ಶತ್ರುವೊಬ್ಬನಿಂದ ಕಾಲದ ಹರಿವು ಕವಲೊಡೆಯುತ್ತದೆ. ಹಳೆಯ ಕಥೆ ಒಂದು ಕವಲಿನಲ್ಲಿ ಹಾಗೆಯೇ ಉಳಿಯುತ್ತದೆ, ಹೊಸದು ಇನ್ನೊಂದರಲ್ಲಿ ನಡೆಯುತ್ತದೆ. ಎರಡಕ್ಕೂ ಸೇತುವೆಯಾಗಿ ಮೊದಲಿನ ನಟ ಲೆನರ್ಡ್ ನಿಮಾಯ್ ಅವರೇ ವೃದ್ಧ ಸ್ಪಾಕನಾಗಿ ಬರುತ್ತಾರೆ. ಹೊಸ ಕವಲಿನಲ್ಲಿ ವಲ್ಕನ್ ಗ್ರಹವೇ ನಾಶವಾಗುತ್ತದೆ.

ಅಭಿಮಾನಿಗಳ ಆಕ್ಷೇಪಗಳು ಹಲವು ಬಗೆಯವು. ನೌಕೆಯ ಆಕಾರ ಬದಲಾಯಿತು, ಅದರ ಒಳಾಂಗಣದಲ್ಲಿ ಕಣ್ಣು ಕೋರೈಸುವ ಬೆಳಕು ತುಂಬಿತು ಎಂದವರುಂಟು. ನಲವತ್ತು ವರ್ಷಗಳ ಪ್ರಸಂಗಗಳನ್ನು ಅಳಿಸಿಹಾಕಿದರು ಎಂದು ಕೊರಗಿದವರುಂಟು. ಇಲ್ಲಿ ಓಟ, ಹೊಡೆದಾಟಗಳೇ ಹೆಚ್ಚಾಗಿ ವಿಚಾರಕ್ಕೆ ಎಡೆ ಕಡಿಮೆಯಾಯಿತು ಎಂದವರೂ ಉಂಟು. ಮೊದಲನೆಯದು ಮಮಕಾರದ ಮಾತು. ಎರಡನೆಯದಕ್ಕೆ ಚಿತ್ರವೇ ಉತ್ತರ ಕೊಟ್ಟಿದೆ. ಅದು ಹಳೆಯದನ್ನು ಅಳಿಸದೆ ಬೇರೆ ದಾರಿ ಹಿಡಿಯಿತು. ಮೂರನೆಯದು ಮಾತ್ರ ವಿಮರ್ಶೆ. ಒಟ್ಟಿನಲ್ಲಿ, ಗೊಣಗುತ್ತಲೇ ಆದರೂ ಅಭಿಮಾನಿಗಳಲ್ಲಿ ಅನೇಕರು ಈ ಚಿತ್ರವನ್ನು ಸ್ವೀಕರಿಸಿದರು. ತನ್ನ ಗ್ರಹವನ್ನೂ ತಾಯಿಯನ್ನೂ ಕಳೆದುಕೊಂಡ ಸ್ಪಾಕನ ದುಃಖ ಹಳೆಯ ಕಥೆಯಲ್ಲಿರಲಿಲ್ಲ. ಆದರೆ ಅದು ಸ್ಪಾಕನ ಸ್ವಭಾವಕ್ಕೆ ಉಚಿತವಾದ ದುಃಖವೇ ಆಗಿದ್ದಿತು.

ನಿಜವಾದ ಬಿರುಗಾಳಿ ಎದ್ದದ್ದು 2013ರ ‘ಇಂಟು ಡಾರ್ಕ್‌ನೆಸ್’ ಚಿತ್ರದ ಮೇಲೆ. ಇದರ ಖಳನಾಯಕ ಹಳೆಯ ಖಾನ್ ಅಲ್ಲವೆಂದು ಬಿಡುಗಡೆಗೆ ಮೊದಲು ಸಾರಲಾಗಿತ್ತು. ಚಿತ್ರದಲ್ಲಿ ಅವನು ಖಾನನೇ ಆದನು. ಇದನ್ನು ಮೊದಲೇ ಹೇಳಿಬಿಡುವುದು ಜಾಣತನವಾಗುತ್ತಿತ್ತೆಂದು ನಿರ್ದೇಶಕರೇ ಅನಂತರ ಒಪ್ಪಿದರು. ಖಾನ್ ನೂನಿಯನ್ ಸಿಂಗ್ ಎಂಬುದು ಅವನ ಪೂರ್ಣ ಹೆಸರು. 1967ರ ಕಂತಿನಲ್ಲಿ ಇವನನ್ನು ಉತ್ತರ ಭಾರತದ ಸಿಖ್ಖನಿರಬೇಕೆಂದು ಸೂಚಿಸಿದೆ. ಆಗ ಈ ಪಾತ್ರವನ್ನು ಆಡಿದವರು ಮೆಕ್ಸಿಕೋ ಮೂಲದ ರಿಕಾರ್ಡೋ ಮೊಂಟಲ್‌ಬಾನ್. ಭಾರತೀಯರೇ ಆಡದಿದ್ದರೂ, ಪಶ್ಚಿಮದವರಲ್ಲದವರನ್ನು ಕೇವಲ ಸೇವಕರನ್ನಾಗಿ ತೋರಿಸುತ್ತಿದ್ದ ಕಾಲದಲ್ಲಿ, ಬುದ್ಧಿಬಲಗಳೆರಡರಲ್ಲೂ ನಾಯಕನನ್ನು ಮೀರಿಸುವ ಪ್ರತಿನಾಯಕನಿಗೆ ನಮ್ಮ ದೇಶದ ಹೆಸರಿದ್ದಿತು. 2013ರಲ್ಲಿ ಅದೇ ಪಾತ್ರವನ್ನು ಬಿಳಿಯ ಆಂಗ್ಲ ನಟ ಬೆನೆಡಿಕ್ಟ್ ಕಂಬರ್‌ಬ್ಯಾಚ್ ಅವರಿಗೆ ಕೊಟ್ಟರು. ನಟನ ಶಕ್ತಿಯಲ್ಲಿ ಕೊರತೆಯಿಲ್ಲ. ಆದರೆ 46 ವರ್ಷಗಳ ಬಳಿಕ ಜಗತ್ತು ಮುಂದಕ್ಕೆ ಬಂದಿರುವಾಗ ಈ ಮಾಲೆ ಹಿಂದಕ್ಕೆ ಹೋಯಿತೆಂಬ ಆಕ್ಷೇಪವನ್ನು ಬರಿಯ ಮಮಕಾರವೆನ್ನಲಾಗದು.

ಇದಕ್ಕಿಂತ ಮಿಗಿಲಾದ ದೋಷ ಚಿತ್ರದ ಕೊನೆಯಲ್ಲಿದೆ. 1982ರ ‘ದಿ ರಾತ್ ಆಫ್ ಖಾನ್’ ಚಿತ್ರದಲ್ಲಿ ಸ್ಪಾಕನು ನೌಕೆಯನ್ನು ಉಳಿಸಲು ವಿಕಿರಣಕ್ಕೆ ಮೈಯೊಡ್ಡಿ, ಗಾಜಿನ ಆಚೆಯಲ್ಲಿ ಕರ್ಕನ ಕಣ್ಣೆದುರಿಗೇ ಸಾಯುತ್ತಾನೆ. ಆ ಸಾವಿನ ಹಿಂದೆ ಹದಿನಾರು ವರ್ಷಗಳ ಸ್ನೇಹವಿದ್ದಿತು. ಹೊಸ ಚಿತ್ರ ಇದೇ ದೃಶ್ಯವನ್ನು ತಿರುವುಮುರುವು ಮಾಡುತ್ತದೆ: ಕರ್ಕ್ ಸಾಯುತ್ತಾನೆ, ಸ್ಪಾಕ್ ಗಾಜಿನ ಈಚೆಯಲ್ಲಿ ಅಳುತ್ತಾನೆ. ಸ್ವಲ್ಪ ಹೊತ್ತಿನಲ್ಲೇ ಖಾನನ ರಕ್ತದಿಂದ ಕರ್ಕ್ ಬದುಕಿಬಿಡುತ್ತಾನೆ. ಗುರುತು ಪರಿಚಯವಾಗಿ ಹೆಚ್ಚು ಕಾಲ ಕಳೆಯದ ಇಬ್ಬರ ನಡುವೆ ಇಟ್ಟ ಈ ದೃಶ್ಯ ಸಾಲ ತಂದ ಒಡವೆಯಂತೆ ಕಾಣುತ್ತದೆ. ವಿಚಾರಣೆಯಿಲ್ಲದೆ ಒಬ್ಬನನ್ನು ದೂರದಿಂದ ಕೊಲ್ಲಬಹುದೇ ಎಂಬ ಗಂಭೀರ ಪ್ರಶ್ನೆಯಿಂದ ಹೊರಟ ಚಿತ್ರ, ಆ ಪ್ರಶ್ನೆಯನ್ನು ಅರ್ಧದಲ್ಲಿ ಬಿಟ್ಟು ಹಳೆಯ ಕಣ್ಣೀರನ್ನು ಅರಸಿ ಹೋಯಿತು.

ಈ ಚಿತ್ರ 46 ಕೋಟಿ ಡಾಲರಿಗಿಂತ ಹೆಚ್ಚು ಗಳಿಸಿತು. 2009ರ ಚಿತ್ರದ ಗಳಿಕೆ ಸುಮಾರು 38 ಕೋಟಿ. ಆದರೂ 2013ರ ಆಗಸ್ಟಿನಲ್ಲಿ ಲಾಸ್ ವೇಗಸ್ ಸಮ್ಮೇಳನದಲ್ಲಿ ಕೂಡಿದ್ದ ಅಭಿಮಾನಿಗಳು ಎಲ್ಲ ಚಿತ್ರಗಳಿಗೂ ಸ್ಥಾನ ಕಟ್ಟಿದಾಗ 1982ರ ಚಿತ್ರಕ್ಕೆ ಮೊದಲನೆಯ ಸ್ಥಾನವನ್ನೂ ಇದಕ್ಕೆ ಕಡೆಯ ಸ್ಥಾನವನ್ನೂ ಕೊಟ್ಟರು. ಒಂದು ಸಭೆಯ ತೀರ್ಪು ಎಲ್ಲರ ತೀರ್ಪಲ್ಲ. ಆದರೆ ಇದರಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಹಳೆಯದರಿಂದ ಬಹುದೂರ ಹೋದ ಚಿತ್ರವನ್ನು ಇವರಲ್ಲಿ ಅನೇಕರು ಸಹಿಸಿಕೊಂಡರು. ಹಳೆಯದನ್ನು ಹೆಜ್ಜೆಹೆಜ್ಜೆಗೂ ಅನುಕರಿಸಿದ ಚಿತ್ರವನ್ನು ತಿರಸ್ಕರಿಸಿದರು. ಅಭಿಮಾನಿಗೆ ಬದಲಾವಣೆಯೆಂದರೆ ಆಗದು ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ. ಅವನಿಗೆ ಆಗದಿರುವುದು ಪ್ರಾಣವಿಲ್ಲದ ಹೋಲಿಕೆ.

ಕನ್ನಡ ಓದುಗರಿಗೆ ಈ ವಿವೇಕ ಹೊಸದಲ್ಲ. ಪಂಪನು ವ್ಯಾಸರ ಕಥೆಯನ್ನೆತ್ತಿಕೊಂಡು ಅರ್ಜುನನನ್ನು ನಾಯಕನನ್ನಾಗಿ ಮಾಡಿ, ದ್ರೌಪದಿಯನ್ನು ಅವನೊಬ್ಬನಿಗೇ ಸತಿಯಾಗಿಸಿದನು. ರನ್ನನು ಆ ಪಂಪನ ಹದಿಮೂರನೆಯ ಆಶ್ವಾಸವನ್ನೇ ಆಧಾರವಾಗಿಟ್ಟುಕೊಂಡು, ಭೀಮನನ್ನು ನಾಯಕನೆಂದು ಕರೆದು, ದುರ್ಯೋಧನನಿಗೆ ಹಿಂದೆ ಕಾಣದ ಘನತೆಯನ್ನು ತಂದನು. ರನ್ನನ ಸಾಲ ಕಡಿಮೆಯದಲ್ಲ; ಆದರೆ ಪಡೆದುದನ್ನು ಬಡ್ಡಿಸಮೇತ ಹಿಂದಿರುಗಿಸಿದನು. ಕ್ಷೇಮೇಂದ್ರನು ಕಾವ್ಯದ ಜೀವವೆಂದ ಔಚಿತ್ಯ ಪುನರಾರಂಭಕ್ಕೂ ಒರೆಗಲ್ಲೇ.

ಆದರೆ ಒಂದು ಭೇದವನ್ನು ಮರೆಯುವಂತಿಲ್ಲ. ಭಾರತದ ಕಥೆಗೆ ಒಡೆಯರಿಲ್ಲ. ಪಂಪನದು ಒಪ್ಪದಿದ್ದವನು ತನ್ನದನ್ನು ಬರೆಯಬಹುದಾಗಿದ್ದಿತು. ‘ಸ್ಟಾರ್ ಟ್ರೆಕ್’ ಕಥೆಗೆ ಒಡೆಯರಿದ್ದಾರೆ. ಅಭಿಮಾನಿಗಳ ಹಣದಿಂದ ಸಿದ್ಧವಾಗುತ್ತಿದ್ದ ‘ಆಕ್ಸನಾರ್’ ಎಂಬ ಚಿತ್ರದ ಮೇಲೆ ಪ್ಯಾರಮೌಂಟ್ ಮತ್ತು ಸಿ.ಬಿ.ಎಸ್. ಸಂಸ್ಥೆಗಳು 2015ರ ಡಿಸೆಂಬರಿನಲ್ಲಿ ದಾವೆ ಹೂಡಿದವು. 2016ರಲ್ಲಿ ನಿಯಮಗಳೂ ಹೊರಟವು: ಅಭಿಮಾನಿಗಳು ತಯಾರಿಸುವ ಕಥೆ 15 ನಿಮಿಷ ಮೀರಬಾರದು, ಎರಡು ಭಾಗವಾದರೆ ಒಟ್ಟು 30 ನಿಮಿಷ, ಸಂಗ್ರಹಿಸುವ ಹಣ 50,000 ಡಾಲರ್ ಮೀರಬಾರದು. ಬಂಡವಾಳ ಹೂಡಿದವರಿಗೆ ತಮ್ಮ ಸ್ವತ್ತನ್ನು ಕಾಯುವ ಹಕ್ಕಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಮರುಸೃಷ್ಟಿಯ ದಾರಿ ಇಷ್ಟು ಕಿರಿದಾದ ಮೇಲೆ ರಸಿಕನಿಗೆ ಉಳಿದಿರುವುದು ಮಾತೊಂದೇ. ಆ ಮಾತು ಗಟ್ಟಿಯಾಗಿ, ಕೆಲವೊಮ್ಮೆ ಕರ್ಕಶವಾಗಿ ಕೇಳಿಸುವುದಕ್ಕೆ ಇದೂ ಒಂದು ಕಾರಣ. 1968ರಲ್ಲಿ ಇದೇ ಮಾತು ಪತ್ರವಾಗಿ ಬಂದಾಗ ಒಡೆಯರಿಗೆ ಲಾಭವೇ ಆಯಿತು. ಹೊಗಳಿಕೆಯ ಪತ್ರವನ್ನು ತೆರೆದು ಓದಿದವರು ಆಕ್ಷೇಪದ ಪತ್ರವನ್ನೂ ತೆರೆದು ಓದಬೇಕಾದದ್ದು ನ್ಯಾಯ.