ಅಡಿಟಿಪ್ಪಣಿಯಿಂದ ಹಬ್ಬದವರೆಗೆ

ಪ್ಲಿಮತ್‌ಗೆ ವಲಸೆ ಬಂದಿದ್ದ ಇಂಗ್ಲಿಷರು 1621ರಲ್ಲಿ ವಾಂಪನೋಗ್ ಮೂಲನಿವಾಸಿಗಳ ಜೊತೆ ಕೂತು ಉಂಡರು, ಅದರ ನೆನಪಿಗೆ ಥ್ಯಾಂಕ್ಸ್‌ಗಿವಿಂಗ್ ಎಂಬುದು ಅಮೆರಿಕದಲ್ಲಿ ಮನೆಮಾತಾದ ಕತೆ. ಆ ಊಟಕ್ಕಿರುವ ಮುಖ್ಯ ಆಧಾರ, ವಲಸಿಗ ಎಡ್ವರ್ಡ್ ವಿನ್ಸ್‌ಲೋ ಬರೆದ ಕಾಗದದ ಕೆಲವೇ ಸಾಲು: ಸುಗ್ಗಿ, ಮೂರು ದಿನದ ಔತಣ, ಮುಖಂಡ ಮ್ಯಾಸಸಾಯ್ಟ್ ಜೊತೆ ಬಂದ 90 ಜನ, ಅವರು ಬೇಟೆಯಾಡಿ ತಂದ ಐದು ಜಿಂಕೆ. ಹಬ್ಬದ ಹೆಸರು ಅಲ್ಲಿಲ್ಲ. 1841ರಲ್ಲಿ ಆ ಕಾಗದವನ್ನು ಮತ್ತೆ ಅಚ್ಚು ಹಾಕಿಸಿದ ಅಲೆಕ್ಸಾಂಡರ್ ಯಂಗ್ ಅಡಿಟಿಪ್ಪಣಿಯೊಂದರಲ್ಲಿ ಇದನ್ನು ಮೊದಲ ಥ್ಯಾಂಕ್ಸ್‌ಗಿವಿಂಗ್ ಎಂದು ಕರೆದ. ಅಂತರ್ಯುದ್ಧದ ನಡುವೆ, 1863ರಲ್ಲಿ ಲಿಂಕನ್ ಹೊರಡಿಸಿದ ಘೋಷಣೆಯಲ್ಲೂ ಪ್ಲಿಮತ್‌ನ ಪ್ರಸ್ತಾಪವಿಲ್ಲ.

ಊಟ ನಡೆದದ್ದು ನಿಜ. ನನ್ನ ತಕರಾರು, ಕತೆಯನ್ನು ಅಲ್ಲಿಗೇ ನಿಲ್ಲಿಸುವುದರ ಬಗ್ಗೆ. ನೆಲದ ವಿಚಾರಕ್ಕೆ ಹೊತ್ತಿದ ಯುದ್ಧದಲ್ಲಿ, 1676ರಲ್ಲಿ, ಮ್ಯಾಸಸಾಯ್ಟ್‌ನ ಮಗ ಮೆಟಕಾಮ್‌ನನ್ನು ವಲಸಿಗರ ಪಡೆ ಕೊಂದಿತು. ಅವನ ತಲೆಯನ್ನು ಕಂಬಕ್ಕೇರಿಸಿ ಇಟ್ಟದ್ದು ಅದೇ ಪ್ಲಿಮತ್‌ನಲ್ಲಿ. ಅಪ್ಪ ಉಂಡ ಊರಿನಲ್ಲಿ ಮಗನ ತಲೆ: ಇವೆರಡನ್ನೂ ಒಟ್ಟಿಗೆ ಓದದೆ ಈ ಹಬ್ಬ ಅರ್ಥವಾಗದು. 1970ರಿಂದ ಪ್ರತಿವರ್ಷ ಮೂಲನಿವಾಸಿಗಳು ಥ್ಯಾಂಕ್ಸ್‌ಗಿವಿಂಗ್ ದಿನವೇ ಪ್ಲಿಮತ್‌ನಲ್ಲಿ ಸೇರಿ ಶೋಕದಿನ ಆಚರಿಸುತ್ತಾರೆ. ಅದನ್ನು ಹಬ್ಬದ ವಿರೋಧ ಎಂದಷ್ಟೇ ನೋಡಬೇಕಿಲ್ಲ. ಟಿಪ್ಪಣಿ ಬಿಟ್ಟುಹೋದ ಪುಟಗಳನ್ನು ಅವರು ಓದಿ ಹೇಳುತ್ತಿದ್ದಾರೆ.