ಟಿಪ್ಪುವಿನ ಪಿಸ್ತೂಲು, ಹಲಗಲಿಯ ಹತಾರ

ಹಳೆಯ ಸೇನಾ ಪಿಸ್ತೂಲು ಕೂಡಿಹಾಕುವ ಹವ್ಯಾಸವನ್ನು ಅಥಣಿ, ಕೊಕಟನೂರ ಕಡೆಯ ಜನ ಸಿರಿವಂತರ ಖಯಾಲಿ ಎಂದು ತಳ್ಳಿಹಾಕುತ್ತಾರೆ. ನಾನು ಹಾಗೆ ತಳ್ಳಿಹಾಕಲಾರೆ. ಶ್ರೀರಂಗಪಟ್ಟಣದ ಕುಶಲಕರ್ಮಿಗಳ ಕೈ ಎಂಥದಿತ್ತೆಂದು ಇವತ್ತು ನಾವು ವಿವರವಾಗಿ ತಿಳಿಯುವುದಕ್ಕೆ ಇಂಥ ಹವ್ಯಾಸಿಯೊಬ್ಬನ ದುಡಿಮೆಯೂ ಕಾರಣ.

ಆತ ಇಂಗ್ಲೆಂಡಿನ ರಾಬಿನ್ ವಿಗಿಂಗ್ಟನ್. ಟಿಪ್ಪು ಸುಲ್ತಾನನ ಕೋವಿ, ಪಿಸ್ತೂಲುಗಳನ್ನು ಹುಡುಕಿ ಕೊಂಡದ್ದಷ್ಟೇ ಅಲ್ಲ, ಒಂದೊಂದನ್ನೂ ಬಿಡಿಸಿ ನೋಡಿ, ಅಚ್ಚು, ಬರಹಗಳನ್ನು ಹೋಲಿಸಿ 1992ರಲ್ಲಿ ‘ದ ಫೈರ್‌ಆರ್ಮ್ಸ್ ಆಫ್ ಟಿಪ್ಪು ಸುಲ್ತಾನ್’ ಎಂಬ ಪುಸ್ತಕ ಬರೆದ. ಅಸಲಿ ಯಾವುದು, ನಕಲಿ ಯಾವುದು ಎಂಬ ಪ್ರಶ್ನೆ ಎದ್ದಾಗ ಬಲ್ಲವರು ಇಂದಿಗೂ ತೆರೆಯುವುದು ಆ ಪುಸ್ತಕವನ್ನೇ.

ಅಂಥದೊಂದು ಪಿಸ್ತೂಲನ್ನು ಹತ್ತಿರದಿಂದ ನೋಡೋಣ. ಕುದುರೆಯ, ಅಂದರೆ ಕಲ್ಲು ಕಚ್ಚಿ ಬಡಿಯುವ ಕೊಕ್ಕೆಯ, ಬಾಯಲ್ಲಿ ಚಕಮಕಿ ಕಲ್ಲಿನ ಚೂರು. ಗುಂಡಿ ಎಳೆದರೆ ಕಲ್ಲು ಉಕ್ಕಿನ ತಟ್ಟೆಗೆ ಬಡಿದು, ಕಿಡಿ ಕೆಳಗಿನ ಬಟ್ಟಲಿನ ಮದ್ದಿಗೆ ಬೀಳುತ್ತದೆ. ಆ ಬೆಂಕಿ ಸಣ್ಣ ತೂತಿನಿಂದ ನಳಿಗೆಯೊಳಕ್ಕೆ ನುಗ್ಗುತ್ತದೆ. ಇಷ್ಟು ಯುರೋಪಿನ ಪಿಸ್ತೂಲಿಗೂ ಇದಕ್ಕೂ ಸಮಾನ. ಆದರೆ ಇಲ್ಲಿ ಜೋಡಿ ಪಿಸ್ತೂಲುಗಳಲ್ಲಿ ಒಂದರ ಕುದುರೆ ಬಲಕ್ಕಿದ್ದರೆ ಇನ್ನೊಂದರದು ಎಡಕ್ಕೆ, ಕನ್ನಡಿಯಲ್ಲಿ ಕಂಡಂತೆ. ಲೋಹದ ಮೇಲೆ ಹುಲಿಪಟ್ಟೆ, ನಳಿಗೆಯ ಮೇಲೆ ಪಾರಸಿ ಬರಹ. ಇಸವಿ ಟಿಪ್ಪು ತಾನೇ ಜಾರಿಗೆ ತಂದ ಮೌಲೂದಿ ಶಕೆಯದು; ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಎಡದಿಂದ ಓದಿದವನಿಗೆ 4221 ಎಂದು ಕಾಣುವುದು ನಿಜವಾಗಿ 1224, ಅಂದರೆ ಕ್ರಿ.ಶ. 1796–97. ಕಾರ್ಖಾನೆಯ ಅಚ್ಚು ಕೂದಲೆಳೆಯಷ್ಟು ಆಳಕ್ಕೆ ಬಿದ್ದಿರುತ್ತದೆ. ತುಕ್ಕು ತೆಗೆಯುತ್ತೇನೆಂದು ಉಸುಕಿನ ಕಾಗದದಿಂದ ತಿಕ್ಕಿದವನು ಮೊದಲು ಅಳಿಸುವುದು ಅದನ್ನೇ. ಹೊಳಪಿನ ಹುಚ್ಚು ಈ ಹವ್ಯಾಸದ ದೊಡ್ಡ ಪಾಪ ಎಂದು ನನ್ನ ಎಣಿಕೆ.

ಇನ್ನೊಂದು ದೋಷ ಸಂಗ್ರಾಹಕರ ಕಣ್ಣಿನದು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು; ಆಯುಧಗಳು ಗೆದ್ದವರ ಪಾಲಾಗಿ ಹಡಗು ಹತ್ತಿದವು. ಅವತ್ತಿನಿಂದ ಒಂದೊಂದರ ಬೆಲೆಯೂ ಅದನ್ನು ಒಯ್ದ ಅಧಿಕಾರಿಯ ಹೆಸರಿನ ಮೇಲೆ ನಿಂತಿದೆ. 2019ರಲ್ಲಿ ಇಂಗ್ಲೆಂಡಿನಲ್ಲಿ ಲಿಲಾವಾದ ಟಿಪ್ಪುವಿನ ಕೋವಿ, ಕತ್ತಿಗಳು ಮೇಜರ್ ಥಾಮಸ್ ಹಾರ್ಟ್ ಎಂಬವನ ವಂಶಸ್ಥರ ಮನೆಯಲ್ಲಿ ಸಿಕ್ಕವು. 2023ರಲ್ಲಿ ಟಿಪ್ಪುವಿನ ಒಂದೇ ಒಂದು ಖಡ್ಗ 1 ಕೋಟಿ 40 ಲಕ್ಷ ಪೌಂಡಿಗೆ ಹೋಯಿತು. ಲೂಟಿಯ ಕಾಗದವೇ ಅಸಲಿತನದ ಪುರಾವೆಯಾಗುವ ಈ ಪದ್ಧತಿಯಲ್ಲಿ, ಕಳೆದುಕೊಂಡವರ ಕಥೆಗೆ ಜಾಗ ತೀರ ಕಡಿಮೆ.

ಆ ಕಥೆ ನಮ್ಮ ಮಗ್ಗುಲಲ್ಲೇ ಇದೆ. ಕೃಷ್ಣೆ ದಾಟಿ ಜಮಖಂಡಿಯ ಮೇಲೆ ಹಾಯ್ದು ಹೋದರೆ ಮುಧೋಳ ತಾಲ್ಲೂಕಿನ ಹಲಗಲಿ. 1857ರಲ್ಲಿ ಇಂಗ್ರೇಜ ಸರ್ಕಾರ ಹತಾರ ಒಪ್ಪಿಸಿರೆಂದು ಕಾನೂನು ತಂದಾಗ ಅಲ್ಲಿನ ಬೇಡರು ಒಪ್ಪಲಿಲ್ಲ. ಬೇಟೆ, ಕಾವಲು, ಮಾನ ಎಲ್ಲವೂ ಆ ಆಯುಧದಲ್ಲೇ ಇದ್ದವರು ಅವರು. ನವೆಂಬರ್ ಕೊನೆಗೆ ದಂಡು ಬಂದು ಊರಿಗೆ ಬೆಂಕಿ ಇಟ್ಟಿತು. ಡಿಸೆಂಬರಿನಲ್ಲಿ 19 ಮಂದಿಯನ್ನು ಗಲ್ಲಿಗೇರಿಸಿದರು. ಜಡಗ, ಬಾಲ, ಹನುಮ, ರಾಮ ಎಂಬ ಹೆಸರುಗಳನ್ನು ಲಾವಣಿಕಾರರು ಉಳಿಸಿದರು. ಸುಲ್ತಾನನ ಬೆಳ್ಳಿಕಟ್ಟಿನ ಪಿಸ್ತೂಲಿಗೆ ಗಾಜಿನ ಪೆಟ್ಟಿಗೆ ಸಿಕ್ಕಿತು, ಬೇಡರ ಬಂದೂಕಿಗೆ ಹಾಡು ಮಾತ್ರ. ಸೇನಾ ಆಯುಧಗಳ ಸಂಗ್ರಹ ತನ್ನನ್ನು ಇತಿಹಾಸ ಎಂದು ಕರೆದುಕೊಳ್ಳಬೇಕಾದರೆ ಕಸಿದುಕೊಂಡ ಹತಾರಗಳ ಲೆಕ್ಕವನ್ನೂ ಇಡಬೇಕು.

ವಿಗಿಂಗ್ಟನ್‌ನಂಥ ಶ್ರದ್ಧಾವಂತನ ಸಂಗ್ರಹವೂ ಒಟ್ಟಾಗಿ ಉಳಿಯಲಿಲ್ಲ. 2005ರಲ್ಲಿ ಸೋದಬಿ ಎಂಬ ಲಿಲಾವು ಸಂಸ್ಥೆಯ ಮಾರಾಟದಲ್ಲಿ ಅದು ಚದುರಿಹೋಯಿತು. ಇಡಿಯಾಗಿ ಉಳಿದದ್ದು ಬರೆದಿಟ್ಟ ಪುಸ್ತಕ. ಹಾಗಾಗಿ ಸಂಗ್ರಾಹಕನನ್ನು ಅಳೆಯಬೇಕಾದದ್ದು ಅವನ ಕಪಾಟಿನಿಂದಲ್ಲ, ದಾಖಲೆಯಿಂದ.

ನಮ್ಮ ಸೀಮೆಯಲ್ಲೂ ದೇಸಗತಿಯ ವಾಡೆಗಳಿವೆ. ಖಂಡೇನವಮಿಗೆ ಹಳೆಯ ಹತಾರ ಹೊರಬಂದು, ಕುಂಕುಮ ಹಚ್ಚಿಸಿಕೊಂಡು, ಮತ್ತೆ ಅಟ್ಟ ಸೇರುತ್ತವೆ. ಗುಜರಿಯವನ ಕೈಗೆ ಹೋದವು ಎಷ್ಟೋ. ಕಾನೂನಿನ ಹೆದರಿಕೆಯಿಂದ ಬಚ್ಚಿಡುವವರು ತಿಳಿಯಬೇಕಾದದ್ದು ಇಷ್ಟು: ದುರಸ್ತಿ ಮಾಡಿದರೂ ಗುಂಡು ಹಾರದಂಥ ಪುರಾತನ ಆಯುಧಕ್ಕೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಮಿನಲ್ಲಿ ವಿನಾಯಿತಿ ಇದೆ. ಹಾರುವಂಥದಾದರೆ ಪರವಾನಗಿ ಬೇಕೇ ಬೇಕು. ನೂರು ವರ್ಷ ದಾಟಿದ ಪುರಾವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವುದಕ್ಕೆ 1972ರ ಕಾಯ್ದೆ ಅಡ್ಡ ಬರುತ್ತದೆ.

ಮನೆಯಲ್ಲಿ ಇಂಥದೊಂದು ಇದ್ದರೆ ತಿಕ್ಕಬೇಡಿ, ಮಾರಬೇಡಿ. ಒಳಗೆ ಮದ್ದು ಉಳಿದಿರಬಹುದು, ಗುಂಡಿಗೆ ಕೈ ಹಚ್ಚಬೇಡಿ. ಯಾರದಿತ್ತು, ಹೇಗೆ ಬಂತು ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ಬರೆದಿಡಿ, ಫೋಟೊ ತೆಗೆದಿಡಿ. ಇಟ್ಟುಕೊಳ್ಳಲಾಗದಿದ್ದರೆ ಆ ಬರಹದ ಸಮೇತ ಕಿತ್ತೂರಿನ ಸರ್ಕಾರಿ ವಸ್ತುಸಂಗ್ರಹಾಲಯದವರನ್ನು ಕೇಳಿ ನೋಡಿ.