ಪಂಪೆಯ ಸರೋವರ

ಟಿಬೆಟ್‌ನಲ್ಲಿ ಸುಮಾರು 4,590 ಮೀಟರ್ ಎತ್ತರದಲ್ಲಿರುವ ಮಾನಸ ಸರೋವರಕ್ಕೂ ಬಳ್ಳಾರಿಯ ಬಿಸಿಲಿಗೂ ಎತ್ತಣಿಂದೆತ್ತ ಸಂಬಂಧ? ಪಂಚ ಸರೋವರಗಳ ಪಟ್ಟಿ ನೋಡಿ: ಮಾನಸ, ಬಿಂದು, ನಾರಾಯಣ, ಪುಷ್ಕರ, ಪಂಪಾ. ಕೊನೆಯದು ನಮ್ಮದೇ.

ನಮ್ಮೂರು ಹಲಕುಂದಿಯವರು ಬಳ್ಳಾರಿ, ಹೊಸಪೇಟೆ ದಾಟಿ ತುಂಗಭದ್ರೆಯ ಆಚೆ ದಡಕ್ಕೆ ಹೋದರೆ ಆನೆಗೊಂದಿ ಬಳಿ, ಬಂಡೆಗುಡ್ಡಗಳ ಬುಡದಲ್ಲಿ ಪಂಪಾ ಸರೋವರ ಸಿಗುತ್ತದೆ. ರಾಮಾಯಣದ ಪಂಪೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದವರಿಗೆ ಮೊದಲ ನೋಟಕ್ಕೆ ನಿರಾಸೆಯೇ. ಕಲ್ಲು ಕಟ್ಟಿದ ದಡ, ಇಳಿಯಲು ಮೆಟ್ಟಿಲು, ಪಕ್ಕದಲ್ಲಿ ಲಕ್ಷ್ಮಿಯ ಗುಡಿ. ಸರೋವರ ಅನ್ನುವುದಕ್ಕಿಂತ ದೊಡ್ಡ ಹೊಂಡ ಅನ್ನಬಹುದು. ಆದರೆ ತಾವರೆ ಅರಳಿದ ಕಾಲದಲ್ಲಿ ಅಗಲ ಎಲೆಗಳ ಮೇಲೆ ನೀರಹನಿ ಉರುಳುವುದನ್ನು ನೋಡುತ್ತ ಕೂತವರು ಬೇಗ ಏಳುವುದಿಲ್ಲ.

ಹೆಸರಿನ ಕಥೆ ಸೊಗಸಾದದ್ದು. ಬ್ರಹ್ಮನ ಮಗಳು ಪಂಪಾ ಇಲ್ಲಿ ಶಿವನಿಗಾಗಿ ತಪಸ್ಸು ಮಾಡಿದಳು. ತಪೋನಿರತ ಶಿವನನ್ನು ಕೆಣಕಲು ಬಂದ ಮನ್ಮಥ ಹಂಪಿಯ ಹೇಮಕೂಟ ಬೆಟ್ಟದಲ್ಲಿ ಸುಟ್ಟು ಬೂದಿಯಾದ. ಹುಡುಗಿ ಮಾತ್ರ ಹಟ ಬಿಡಲಿಲ್ಲ. ಶಿವ ಸೋತು ಪಂಪಾಪತಿಯಾದ. ಹಂಪಿಯ ವಿರೂಪಾಕ್ಷ ಗುಡಿಯಲ್ಲಿ ಇವರಿಬ್ಬರ ನಿಶ್ಚಿತಾರ್ಥ ಇಂದಿಗೂ ಫಲಪೂಜೆಯಾಗಿ ನಡೆಯುತ್ತದೆ, ಚೈತ್ರದಲ್ಲಿ ಮದುವೆ, ತೇರು.

ಇನ್ನು ಮಾನಸ ಸರೋವರದ ಕಥೆ: ಅದು ಬ್ರಹ್ಮನ ಮನಸ್ಸಿನಿಂದ ಹುಟ್ಟಿದ್ದಂತೆ. ಟಿಬೆಟಿಯನ್ನರು ಅದನ್ನು ‘ಮಾಪಾಮ್’, ಅಂದರೆ ಸೋಲದ್ದು ಅನ್ನುತ್ತಾರೆ. ಬೌದ್ಧ ಯೋಗಿ ಮಿಲರೇಪ ಅಲ್ಲಿ ಬೋನ್ ಧರ್ಮದ ಮಾಂತ್ರಿಕನನ್ನು ಗೆದ್ದನೆಂಬುದು ಅವರ ಕಥೆ. ಅಲ್ಲಿ ಪವಾಡದ ಪಂದ್ಯ, ಇಲ್ಲಿ ಹೆಣ್ಣಿನ ಹಟ. ಕಥೆಯಾಗಿ ನಮ್ಮದೇ ಒಂದು ಕೈ ಮೇಲು. ಇದರಲ್ಲಿ ಊರಿನ ಅಭಿಮಾನವೂ ಸ್ವಲ್ಪ ಸೇರಿದೆ ಅನ್ನಿ.